ಗಿರಗಾಂವಿನ ಜ್ವರ: ಪ್ರಕೃತಿ ಚಿಕಿತ್ಸೆಯ ಒಂದು ಹಳೆಯ ಪ್ರಕರಣ

1902ನೇ ಇಸವಿ. ಮುಂಬಯಿಯ ಗಿರಗಾಂವಿನ ಬಾಡಿಗೆ ಮನೆಯೊಂದರಲ್ಲಿ ಹತ್ತು ವರ್ಷದ ಹುಡುಗ ಜ್ವರ ಹಿಡಿದು ಮಲಗಿದ್ದಾನೆ. ಟೈಫಾಯ್ಡ್, ಅದರ ಜೊತೆಗೇ ನ್ಯುಮೋನಿಯಾ. ರಾತ್ರಿಯಾದರೆ ಸನ್ನಿ ಹಿಡಿದವನಂತೆ ಬಡಬಡಿಸುತ್ತಾನೆ. ಕೆಲವು ವರ್ಷಗಳ ಹಿಂದೆ ಸಿಡುಬಿನಿಂದ ನರಳಿ ಎದ್ದಿದ್ದ ಮೈ ಅದು. ಹುಡುಗನ ಹೆಸರು ಮಣಿಲಾಲ್. ಅಪ್ಪ, ದಕ್ಷಿಣ ಆಫ್ರಿಕಾದಿಂದ ಮರಳಿ ಬಂದು ಮುಂಬಯಿಯಲ್ಲಿ ವಕೀಲಿಕೆ ಊರಿಸಲು ಹೊರಟಿದ್ದ ಬ್ಯಾರಿಸ್ಟರ್ ಮೋಹನದಾಸ ಗಾಂಧಿ.

ಈ ಪ್ರಕರಣವನ್ನು ಪ್ರಕೃತಿ ಚಿಕಿತ್ಸೆಯವರು ಗೆಲುವಿನ ಕಥೆಯಾಗಿ ಹೇಳುತ್ತಾರೆ. ಆ ಪದ್ಧತಿಯನ್ನು ಒಪ್ಪದವರು, ಅಪ್ಪನ ಹಟಕ್ಕೆ ಮಗನ ಪ್ರಾಣ ಒತ್ತೆಯಿಟ್ಟ ಕಥೆಯಾಗಿ ಹೇಳುತ್ತಾರೆ. ನನಗೆ ಇದು ಬೇರೆ ಕಾರಣಕ್ಕೆ ಮುಖ್ಯ. ಪ್ರಕೃತಿ ಚಿಕಿತ್ಸೆಯ ತತ್ವವನ್ನು ಪುಸ್ತಕದಲ್ಲಿ ಓದುವಾಗ ಎಲ್ಲವೂ ಸಲೀಸು. ದೇಹ ತನ್ನನ್ನು ತಾನೇ ಗುಣಪಡಿಸಿಕೊಳ್ಳುತ್ತದೆ, ಚಿಕಿತ್ಸಕ ಅದಕ್ಕೆ ದಾರಿ ಬಿಟ್ಟು ನಿಲ್ಲಬೇಕು, ಅಷ್ಟೆ. ದಾರಿ ಬಿಟ್ಟು ನಿಲ್ಲುವುದೆಂದರೆ ಏನು, ಎಷ್ಟು ಹೊತ್ತು, ಯಾರ ಕಣ್ಗಾವಲಿನಲ್ಲಿ ಎಂಬ ಪ್ರಶ್ನೆಗಳು ಏಳುವುದು 104 ಡಿಗ್ರಿ ಜ್ವರದ ಮಗು ಎದುರಿಗೆ ಮಲಗಿದ್ದಾಗ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಈ ಘಟನೆಯ ವಿವರವೆಲ್ಲ ನಮಗೆ ಸಿಗುವುದು ಅಪ್ಪನ ಬಾಯಿಂದ, ಅದೂ ಇಪ್ಪತ್ತು ವರ್ಷ ದಾಟಿದ ಮೇಲೆ. ಗಾಂಧಿಯ ಆತ್ಮಕಥೆ 1925ರಿಂದ 1929ರವರೆಗೆ ‘ನವಜೀವನ’ ಪತ್ರಿಕೆಯಲ್ಲಿ ವಾರವಾರ ಬಂತು. (ಅದು ನಡೆಯುತ್ತಿದ್ದಾಗಲೇ, 1927ರಲ್ಲಿ, ರಕ್ತದೊತ್ತಡ ಏರಿ ಬಳಲಿದ ಅವರು ನಮ್ಮ ನಂದಿಬೆಟ್ಟಕ್ಕೆ ಬಂದು ವಾರಗಟ್ಟಲೆ ವಿಶ್ರಾಂತಿ ಪಡೆದರು.) ಹಾಗಾಗಿ ಇದು ಆಸ್ಪತ್ರೆಯ ಕೇಸ್ ಶೀಟ್ ಅಲ್ಲ. ಆದರೂ ತನಗೆ ಅನುಕೂಲವಲ್ಲದ ಸಂಗತಿಗಳನ್ನೂ ಮುಚ್ಚಿಡದ ಸಾಕ್ಷಿ.

ಡಾಕ್ಟರು ಹೇಳಿದ್ದು, ಅಪ್ಪ ಕೇಳಿದ್ದು

ಮನೆಗೆ ಕರೆಸಿದ್ದು ಒಬ್ಬ ಪಾರ್ಸಿ ಡಾಕ್ಟರನ್ನು. ಪರೀಕ್ಷಿಸಿ ನೋಡಿದ ಅವರು, ಔಷಧಿಯಿಂದ ಹೆಚ್ಚೇನೂ ಆಗದು, ಮೊಟ್ಟೆ ಮತ್ತು ಕೋಳಿಯ ಸಾರು ಕೊಟ್ಟರೆ ಒಳ್ಳೆಯದು ಎಂದರು. ಇಲ್ಲಿ ಸ್ವಲ್ಪ ನಿಲ್ಲಬೇಕು. ಔಷಧಿ ನಾಟದು ಎಂದದ್ದು ಅಲೋಪತಿ ಡಾಕ್ಟರೇ. 1902ರಲ್ಲಿ ಅದು ಸತ್ಯವೂ ಆಗಿತ್ತು. ಟೈಫಾಯ್ಡಿಗೆ ನಿಜವಾಗಿ ಕೆಲಸ ಮಾಡಿದ ಮೊದಲ ಮದ್ದು ಕ್ಲೋರಾಂಫೆನಿಕಾಲ್. ಅದು ರೋಗಿಗಳ ಮೇಲೆ ಸಾಬೀತಾದದ್ದು 1948ರಲ್ಲಿ, ಮಲಯದ ಕೌಲಾಲಂಪುರದಲ್ಲಿ. ಅದಕ್ಕೂ ಮುಂಚೆ ಟೈಫಾಯ್ಡ್ ಬಂದ ನೂರು ಜನರಲ್ಲಿ ಸುಮಾರು ಹತ್ತರಿಂದ ಇಪ್ಪತ್ತು ಮಂದಿ ಸಾಯುತ್ತಿದ್ದರು, ಉಳಿದವರು ವಾರಗಟ್ಟಲೆ ನರಳಿ ಎದ್ದು ಕೂರುತ್ತಿದ್ದರು. ಅಂದರೆ ಆ ಕಾಲದ ಒಳ್ಳೆಯ ಡಾಕ್ಟರ ಕೈಯಲ್ಲಿ ಇದ್ದದ್ದು ಮೂರೇ: ಆಹಾರ, ಆರೈಕೆ, ಕಾಯುವುದು.

ಗಾಂಧಿ ಮೊಟ್ಟೆ, ಸಾರು ಎರಡನ್ನೂ ಒಲ್ಲೆ ಎಂದರು. ಬೇರೆ ಏನಾದರೂ ಹೇಳಿ ಎಂದು ಕೇಳಿದರು. ನೀರು ಬೆರೆಸಿದ ಹಾಲು ಕೊಡಬಹುದು, ಅದರಿಂದ ಸಾಕಷ್ಟು ಪೋಷಣೆ ಸಿಗದು, ಎಷ್ಟೋ ಹಿಂದೂ ಮನೆಗಳಲ್ಲಿ ನಾನು ಹೇಳಿದ್ದನ್ನು ಕೊಡುತ್ತಾರೆ, ಮಗನ ಮೇಲೆ ಇಷ್ಟು ನಿಷ್ಠುರ ಬೇಡ ಎಂದು ಡಾಕ್ಟರು ಬುದ್ಧಿ ಹೇಳಿದರು. ಹುಡುಗನ ಪ್ರಾಣಕ್ಕೆ ಅಪಾಯವಿದೆ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು.

ಆಗ ಗಾಂಧಿ ಇಟ್ಟ ಬೇಡಿಕೆಯೇ ಈ ಪ್ರಕರಣದ ಜೀವಾಳ ಎಂದು ನನ್ನ ಎಣಿಕೆ. ನಿಮ್ಮ ಚಿಕಿತ್ಸೆ ನನಗೆ ಆಗದು, ನನಗೆ ಗೊತ್ತಿರುವ ಜಲಚಿಕಿತ್ಸೆ ಮಾಡಿ ನೋಡುತ್ತೇನೆ; ಆದರೆ ನಾಡಿ, ಎದೆ, ಶ್ವಾಸಕೋಶ ಪರೀಕ್ಷಿಸುವುದು ನನಗೆ ಬಾರದು, ನೀವು ಆಗಾಗ ಬಂದು ಹುಡುಗನನ್ನು ನೋಡಿ ಸ್ಥಿತಿ ತಿಳಿಸುತ್ತಿರಬೇಕು ಎಂದು ಕೇಳಿಕೊಂಡರು. ಡಾಕ್ಟರು ಒಪ್ಪಿದರು. ತನ್ನ ಮಾತು ಕೇಳದವನ ಮನೆಗೆ, ತನ್ನದಲ್ಲದ ಚಿಕಿತ್ಸೆಯನ್ನು ಕಾಯಲು ಬರುತ್ತೇನೆ ಎಂದು ಒಪ್ಪುವುದಕ್ಕೆ ದೊಡ್ಡ ಮನಸ್ಸು ಬೇಕು.

ಅಪ್ಪ ಮಗನಿಗೂ ವಿಷಯ ತಿಳಿಸಿ ಅಭಿಪ್ರಾಯ ಕೇಳಿದರು. ನೀರಿನ ಚಿಕಿತ್ಸೆಯೇ ಇರಲಿ, ಮೊಟ್ಟೆ, ಸಾರು ಬೇಡ ಎಂದ ಹುಡುಗ. ಗಾಂಧಿಗೆ ಸಂತೋಷವಾಯಿತು. ಆದರೆ ಅದೇ ಉಸಿರಿನಲ್ಲಿ ಅವರು ಒಪ್ಪಿಕೊಳ್ಳುತ್ತಾರೆ: ನಾನು ಅವೆರಡರಲ್ಲಿ ಯಾವುದನ್ನು ಕೊಟ್ಟಿದ್ದರೂ ಅವನು ತಿಂದಿರುತ್ತಿದ್ದ. ಮಗುವಿನ ಒಪ್ಪಿಗೆಗೆ ಎಷ್ಟು ಬೆಲೆ ಎಂಬುದು ಅವರಿಗೆ ಗೊತ್ತಿತ್ತು.

ಕೂನೆಯ ತೊಟ್ಟಿ

ಗಾಂಧಿ ನಂಬಿದ್ದು ಜರ್ಮನಿಯ ಲೈಪ್‌ಜಿಗ್‌ನ ಲೂಯಿ ಕೂನೆಯ ಪದ್ಧತಿಯನ್ನು. ಕೂನೆ ಪದವಿ ಪಡೆದ ವೈದ್ಯನಲ್ಲ. 1883ರಲ್ಲಿ ಅಲ್ಲಿ ಚಿಕಿತ್ಸಾಲಯ ತೆರೆದಿದ್ದ. ಅವನ ವಾದ ಒಂದೇ ಸಾಲಿನದು. ರೋಗಗಳು ಹೆಸರಿಗೆ ನೂರು, ಮೂಲ ಒಂದೇ. ತಪ್ಪು ಆಹಾರದಿಂದ, ಸರಿಯಾಗಿ ಹೊರಹೋಗದ ಮಲದಿಂದ ಹೊಟ್ಟೆಯಲ್ಲಿ ಪರಕೀಯ ವಸ್ತು ಸೇರಿಕೊಳ್ಳುತ್ತದೆ, ಹುದುಗು ಬರುತ್ತದೆ, ಆ ಹುದುಗಿನ ಬಿಸಿಯೇ ಜ್ವರ. ಹಾಗಾದರೆ ಜ್ವರ ಶತ್ರುವಲ್ಲ, ಮೈ ತನ್ನ ಕಸ ಸುಡುತ್ತಿರುವ ಗುರುತು. ಅದನ್ನು ಅದುಮಬಾರದು, ಹೊರದಾರಿ ತೆರೆದು ಕೊಡಬೇಕು. ಸೊಂಟದವರೆಗೆ ತಣ್ಣೀರಿನ ತೊಟ್ಟಿಯಲ್ಲಿ ಕೂರಿಸಿ, ಕಾಲು ಮತ್ತು ಎದೆಯನ್ನು ಹೊರಗಿಟ್ಟು, ಒರಟು ಬಟ್ಟೆಯಿಂದ ಹೊಟ್ಟೆ ಉಜ್ಜುವ ಕಟಿಸ್ನಾನ ಅವನ ಮುಖ್ಯ ಉಪಾಯ. ಈ ವಿಚಾರಗಳು ನಮ್ಮ ದಕ್ಷಿಣಕ್ಕೂ ಬೇಗ ಬಂದವು. ಕೂನೆಯ ಪುಸ್ತಕ 1894ರಲ್ಲೇ ತೆಲುಗಿಗೆ ಆಗಿತ್ತು.

ನಮ್ಮವರಿಗೆ ಇದು ಹೊಸದೆನಿಸಲಿಲ್ಲ. ‘ಲಂಘನಂ ಪರಮೌಷಧಂ’ ಎಂದು ಜ್ವರದವನನ್ನು ಉಪವಾಸ ಕೆಡವಿ, ಹಸಿವಾದಾಗ ಗಂಜಿಯ ತಿಳಿ ಕುಡಿಸಿದ ಅಜ್ಜಿಯರು ಕೂನೆಯನ್ನು ಓದಿರಲಿಲ್ಲ. ಜರ್ಮನ್ ತೊಟ್ಟಿಗೆ ನಮ್ಮ ಮನೆಗಳಲ್ಲಿ ಅಷ್ಟು ಸುಲಭವಾಗಿ ಜಾಗ ಸಿಕ್ಕಿದ್ದಕ್ಕೆ ಇದೂ ಒಂದು ಕಾರಣ.

ಗಾಂಧಿ ಮಣಿಲಾಲನಿಗೆ ಕಟಿಸ್ನಾನ ಶುರು ಮಾಡಿದರು. ಒಂದು ಸಲಕ್ಕೂ ಮೂರು ನಿಮಿಷ ಮೀರಿಸಲಿಲ್ಲ. ಮೂರು ದಿನ ನೀರು ಬೆರೆಸಿದ ಕಿತ್ತಳೆ ರಸ ಮಾತ್ರ. ಜ್ವರ ಜಗ್ಗಲಿಲ್ಲ. 104 ಡಿಗ್ರಿ ಫ್ಯಾರನ್‌ಹೀಟಿಗೆ ಏರಿತು, ಅಂದರೆ ಸೆಲ್ಸಿಯಸ್ಸಿನಲ್ಲಿ 40. ರಾತ್ರಿ ಸನ್ನಿ. ಅಪ್ಪನ ಧೈರ್ಯ ಅಲುಗಾಡತೊಡಗಿತು. ಜನ ಏನೆಂದಾರು, ಅಣ್ಣ ಏನೆಂದುಕೊಂಡಾನು, ಇನ್ನೊಬ್ಬ ಡಾಕ್ಟರನ್ನು ಕರೆಸಬಾರದೇಕೆ, ಆಯುರ್ವೇದದ ವೈದ್ಯರನ್ನಾದರೂ ಕರೆಸಬಾರದೇಕೆ, ತಮ್ಮ ಹುಚ್ಚುಗಳನ್ನು ಮಕ್ಕಳ ಮೇಲೆ ಹೇರಲು ತಂದೆ ತಾಯಿಗೆ ಏನು ಹಕ್ಕು ಎಂದು ತಾವೇ ಕೇಳಿಕೊಂಡರು. ಮರುಗಳಿಗೆ ಇನ್ನೊಂದು ಮನಸ್ಸು: ನನಗೇ ಜ್ವರ ಬಂದಿದ್ದರೆ ಇದನ್ನೇ ಮಾಡಿಕೊಳ್ಳುತ್ತಿದ್ದೆ, ಡಾಕ್ಟರುಗಳೂ ಮಾಡುವುದು ಪ್ರಯೋಗವನ್ನೇ.

ಚಾದರದ ರಾತ್ರಿ

ಮಗನ ಮಗ್ಗುಲಲ್ಲೇ ಮಲಗಿದ್ದ ಗಾಂಧಿ ಎದ್ದು ಒಂದು ಚಾದರ ನೆನೆಸಿ ಹಿಂಡಿದರು. ತಲೆಯೊಂದನ್ನು ಬಿಟ್ಟು ಹುಡುಗನ ಮೈಗೆಲ್ಲ ಸುತ್ತಿ, ಮೇಲೆ ಎರಡು ಕಂಬಳಿ ಹೊದಿಸಿದರು. ತಲೆಗೆ ಒದ್ದೆ ಟವೆಲು. ಮೈ ಕಾದ ಕಬ್ಬಿಣದಂತೆ ಸುಡುತ್ತಿತ್ತು, ಒಂದು ಹನಿ ಬೆವರಿಲ್ಲ. ಒದ್ದೆ ಬಟ್ಟೆಯ ಈ ಸುತ್ತು ಕೂನೆಗಿಂತ ಹಳೆಯದು. ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಗ್ರೇಫೆನ್‌ಬರ್ಗಿನ ರೈತ ವಿನ್ಸೆಂಟ್ ಪ್ರೀಸ್ನಿಟ್ಸ್ ಬಳಕೆಗೆ ತಂದದ್ದು. ತನ್ನ ಮುರಿದ ಪಕ್ಕೆಲುಬಿಗೆ ಒದ್ದೆ ಬಟ್ಟೆ ಕಟ್ಟಿಕೊಂಡೇ ಅವನು ಈ ದಾರಿ ಹಿಡಿದಿದ್ದ.

ದಣಿದ ಗಾಂಧಿ ಹುಡುಗನನ್ನು ತಾಯಿಯ ವಶಕ್ಕೆ ಬಿಟ್ಟು ಚೌಪಾಟಿ ಕಡಲ ದಂಡೆಗೆ ನಡೆದರು. ರಾತ್ರಿ ಹತ್ತರ ಸುಮಾರು. ಬಾಯಲ್ಲಿ ರಾಮನಾಮ. ಹಿಂತಿರುಗುವಾಗ ಎದೆ ಡವಗುಟ್ಟುತ್ತಿತ್ತು. ಒಳಗೆ ಕಾಲಿಟ್ಟೊಡನೆ ಮಗ ಕೇಳಿದ್ದು, ಇದರಿಂದ ಬಿಡಿಸು, ಸುಟ್ಟುಹೋಗುತ್ತಿದ್ದೇನೆ ಎಂದು. ಹಣೆ ಮುಟ್ಟಿದರೆ ಬೆವರಿನ ಹನಿ. ಜ್ವರ ಇಳಿಯುತ್ತಿತ್ತು. ಅದೂ ಇದೂ ಮಾತನಾಡಿಸುತ್ತ ಇನ್ನೂ ಕೆಲವು ನಿಮಿಷ ಹಾಗೇ ಇಟ್ಟು, ಆಮೇಲೆ ಬಿಚ್ಚಿ ಮೈ ಒರೆಸಿದರು. ಅಪ್ಪ, ಮಗ ಇಬ್ಬರೂ ಒಂದೇ ಹಾಸಿಗೆಯಲ್ಲಿ ಮೈಮರೆತು ನಿದ್ದೆ ಹೋದರು.

ಬೆಳಿಗ್ಗೆ ಜ್ವರ ತಗ್ಗಿತ್ತು, ಬಿಟ್ಟಿರಲಿಲ್ಲ. ಅಲ್ಲಿಂದ ನಲವತ್ತು ದಿನ ನೀರು ಬೆರೆಸಿದ ಹಾಲು, ಹಣ್ಣಿನ ರಸ. ಈ ನಲವತ್ತು ದಿನವನ್ನು ಕಥೆ ಹೇಳುವವರು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತಾರೆ, ಗಾಂಧಿಯೂ ದಾಟಿದ್ದಾರೆ. ಆದರೆ ನಲವತ್ತು ದಿನ ಜ್ವರದ ಮಗುವಿಗೆ ಹೊತ್ತುಹೊತ್ತಿಗೆ ರಸ ಹಿಂಡಿ, ಮೈ ಒರೆಸಿ, ಹಾಸಿಗೆ ಬದಲಿಸಿದ ಕೈಗಳು ಯಾರವು? ಚಾದರದ ರಾತ್ರಿಯಲ್ಲೂ, ಬಿಸಿಯಲ್ಲಿ ಚಡಪಡಿಸುವ ಮಗನ ಪಕ್ಕದಲ್ಲಿ ಕೂತಿದ್ದವರು ಕಸ್ತೂರಬಾ. ಅವರಿಗೆ ಏನನ್ನಿಸಿತು ಎಂಬುದು ಆ ಅಧ್ಯಾಯದಲ್ಲಿ ಎಲ್ಲೂ ಇಲ್ಲ.

ಬಿಡಿಸಿ ನೋಡಿದರೆ

ಹುಡುಗನನ್ನು ಉಳಿಸಿದ್ದು ಏನು? ದೇವರ ದಯೆಯೋ, ಜಲಚಿಕಿತ್ಸೆಯೋ, ಪಥ್ಯ ಮತ್ತು ಆರೈಕೆಯೋ, ಅವರವರ ನಂಬಿಕೆಗೆ ಬಿಟ್ಟದ್ದು ಎಂದು ಗಾಂಧಿ ಕೈಬಿಡುತ್ತಾರೆ. ಇಂದು ಅದಕ್ಕಿಂತ ತುಸು ಮುಂದೆ ಹೋಗಬಹುದು.

ಆ ರಾತ್ರಿಯ ಬೆವರನ್ನೇ ತೆಗೆದುಕೊಳ್ಳಿ. ಚಾದರ ಸುತ್ತಿದ್ದರಿಂದ ಬೆವರಿತು, ಬೆವರಿದ್ದರಿಂದ ಜ್ವರ ಇಳಿಯಿತು ಎಂದು ಓದುವುದು ಸಹಜ. ಜ್ವರದಲ್ಲಿ ಮಿದುಳು ಮೈಯ ಶಾಖದ ಗುರಿಯನ್ನೇ ಮೇಲಕ್ಕೆ ಏರಿಸಿರುತ್ತದೆ. ಆ ಗುರಿ ಕೆಳಗಿಳಿದಾಗ ಹೆಚ್ಚಾದ ಬಿಸಿಯನ್ನು ಹೊರಹಾಕಲು ಬೆವರು ಒಡೆಯುತ್ತದೆ. ಹಾಗಾಗಿ ಬೆವರು ಹೆಚ್ಚಿನ ಪಾಲು ಜ್ವರ ತಿರುಗಿದ್ದರ ಗುರುತು. ಔಷಧಿಯಿಲ್ಲದ ಕಾಲದ ನ್ಯುಮೋನಿಯಾದಲ್ಲಿ ಏಳರಿಂದ ಹತ್ತನೆಯ ದಿನದ ಹೊತ್ತಿಗೆ ಒಂದು ರಾತ್ರಿ ಇದ್ದಕ್ಕಿದ್ದಂತೆ ಮೈ ಬೆವರಿ ಜ್ವರ ಧಡಕ್ಕನೆ ಇಳಿಯುವುದು ಎಲ್ಲ ಡಾಕ್ಟರಿಗೂ ಗೊತ್ತಿದ್ದ ಸಂಗತಿ. ಟೈಫಾಯ್ಡ್ ಹಾಗಲ್ಲ, ವಾರಗಟ್ಟಲೆ ಎಳೆದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಗಾಂಧಿ ಬರೆದದ್ದರಲ್ಲಿ ಈ ಎರಡೂ ಇವೆ: ಒಂದು ರಾತ್ರಿ ಹಠಾತ್ ಬೆವರು, ಆಮೇಲೆ ನಲವತ್ತು ದಿನದ ಮೊಂಡು ಜ್ವರ. ನ್ಯುಮೋನಿಯಾ ಆ ರಾತ್ರಿ ತಿರುಗಿತು, ಟೈಫಾಯ್ಡ್ ತನ್ನ ಕಾಲ ಮುಗಿಸಿ ಹೋಯಿತು ಎಂಬುದು ನನ್ನ ಓದು. ಚಾದರ ಸುತ್ತದಿದ್ದರೂ ಹೀಗೇ ಆಗುತ್ತಿತ್ತೇ? ಆಗಬಹುದಿತ್ತು.

ಇನ್ನೊಂದು ಸ್ವಾರಸ್ಯವಿದೆ. ನೀರಿನ ಚಿಕಿತ್ಸೆಯನ್ನು ಗಾಂಧಿ ಅಲೋಪತಿಗೆ ಎದುರಾಗಿ ನಿಲ್ಲಿಸುತ್ತಾರೆ. ಆದರೆ ಆ ಕಾಲದಲ್ಲಿ ಟೈಫಾಯ್ಡಿಗೆ ತಣ್ಣೀರ ಸ್ನಾನ ಮಾಡಿಸುವುದು ಆಸ್ಪತ್ರೆಗಳ ಪದ್ಧತಿಯೂ ಆಗಿತ್ತು. ಜ್ವರಕ್ಕೆ ತಣ್ಣೀರು ಸುರಿಯುವುದನ್ನು ಲಿವರ್‌ಪೂಲಿನ ಡಾಕ್ಟರ್ ಜೇಮ್ಸ್ ಕರ್ರಿ 1797ರಲ್ಲೇ ಬರೆದಿದ್ದರು. ಸ್ಟೆಟಿನ್ನಿನ ಡಾಕ್ಟರ್ ಅರ್ನ್ಸ್ಟ್ ಬ್ರಾಂಡ್ 1861ರಿಂದ ಟೈಫಾಯ್ಡ್ ರೋಗಿಗಳಿಗೆ ಮೂರು ಗಂಟೆಗೊಮ್ಮೆ ಜ್ವರ ಅಳೆದು, ಮಿತಿ ಮೀರಿದ್ದರೆ ತಣ್ಣೀರಿನ ತೊಟ್ಟಿಯಲ್ಲಿ ಮಲಗಿಸುವ ಕ್ರಮ ಹಾಕಿಕೊಟ್ಟಿದ್ದರು. ಅಮೆರಿಕದ ಬಾಲ್ಟಿಮೋರಿನಲ್ಲಿ ಹೆಸರಾಂತ ವೈದ್ಯ ವಿಲಿಯಂ ಆಸ್ಲರ್ ಕೂಡ ಅದನ್ನೇ ಅನುಸರಿಸಿದರು. ನೀರು ಒಂದೇ, ತೊಟ್ಟಿಯೂ ಒಂದೇ. ಬ್ರಾಂಡ್ ಜ್ವರ ಇಳಿಸಲು ನೀರು ಬಳಸಿದರು, ಕೂನೆ ಜ್ವರಕ್ಕೆ ದಾರಿ ಬಿಡಲು. ಪ್ರಕೃತಿ ಚಿಕಿತ್ಸೆಯ ತತ್ವ ನೀರಿನಲ್ಲಿ, ಮಣ್ಣಿನಲ್ಲಿ ಇಲ್ಲ ಎಂದು ನಾನು ಹೇಳುವುದು ಇದಕ್ಕೇ. ಅವು ಉಪಕರಣ. ರೋಗವೆಂದರೆ ಏನೆಂದು ತಿಳಿಯುವ ರೀತಿಯಲ್ಲಿದೆ ಅದರ ತತ್ವ.

ಆ ತತ್ವಕ್ಕೆ ಅಮೆರಿಕದ ನ್ಯಾಚುರೋಪತಿ ವೈದ್ಯರ ಸಂಘ 1989ರಲ್ಲಿ ಒಂದು ಒಪ್ಪಿತ ರೂಪ ಕೊಟ್ಟಿತು. ಪ್ರಕೃತಿಯ ಗುಣಪಡಿಸುವ ಶಕ್ತಿಯನ್ನು ನಂಬು, ಮೂಲ ಕಾರಣ ಹುಡುಕು, ಹಾನಿ ಮಾಡಬೇಡ, ಇಡೀ ಮನುಷ್ಯನನ್ನು ನೋಡು, ಕಲಿಸು, ರೋಗ ಬರದಂತೆ ತಡೆ ಎಂಬ ಆರು ಮಾತು ಅದರಲ್ಲಿವೆ. (ಕಾಕತಾಳೀಯವಾಗಿ, ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ ಕಾಲೇಜು ಶುರುವಾದದ್ದೂ ಅದೇ ವರ್ಷ.) ಗಿರಗಾಂವಿನ ಮನೆಯನ್ನು ಈ ಆರರ ಎದುರು ಹಿಡಿದರೆ ಎರಡು ಕಡೆ ಬಟ್ಟೆ ಹರಿಯುತ್ತದೆ.

ಮೊದಲನೆಯದು ‘ಹಾನಿ ಮಾಡಬೇಡ’. ಮೂರು ನಿಮಿಷದ ಸ್ನಾನದಲ್ಲಿ ಎಚ್ಚರಿಕೆ ಇದೆ, ಪುಟ್ಟ ಮೈಗೆ ತಕ್ಕ ಅಳತೆ ಇದೆ. ಆದರೆ ಸನ್ನಿಯಲ್ಲಿದ್ದ, ಬೆವರೇ ಬಾರದ, 104 ಡಿಗ್ರಿಯ ಮಗುವನ್ನು ಎರಡು ಕಂಬಳಿಯಲ್ಲಿ ಸುತ್ತಿದ್ದು ಅಪಾಯದ ಕೆಲಸ. ಬೆವರು ಒಡೆಯದೆ ಹೋಗಿದ್ದರೆ ಒಳಗಿನ ಬಿಸಿ ಇನ್ನೂ ಏರುತ್ತಿತ್ತು. ಬಿಡಿಸು ಎಂದು ಮಗು ಅಂಗಲಾಚಿದ ಮೇಲೂ ಇಟ್ಟದ್ದು ನನಗೆ ಒಪ್ಪಿಗೆಯಿಲ್ಲ. ಇಂದು ನ್ಯುಮೋನಿಯಾ ಕೂಡಿದ ಟೈಫಾಯ್ಡಿನ ಮಗು ಬಂದರೆ ಯಾವ ಪ್ರಕೃತಿ ಚಿಕಿತ್ಸಕನಾದರೂ ಮಾಡಬೇಕಾದ ಮೊದಲ ಕೆಲಸ, ಆಂಟಿಬಯೋಟಿಕ್ ಕೊಡಬಲ್ಲ ಆಸ್ಪತ್ರೆಗೆ ಕಳಿಸುವುದು. ಮೂರನೆಯ ವಾರದಲ್ಲಿ ಕರುಳು ತೂತಾದರೆ ಚಾದರ ಏನೂ ಮಾಡದು.

ಎರಡನೆಯದು ‘ಮೂಲ ಕಾರಣ’. ಟೈಫಾಯ್ಡಿನ ಕ್ರಿಮಿಯನ್ನು ಜರ್ಮನ್ ವಿಜ್ಞಾನಿ ಎಬರ್ತ್ 1880ರಲ್ಲೇ ಗುರುತಿಸಿದ್ದರು. ಅದು ಮಲ ಸೇರಿದ ನೀರಿನಿಂದ, ಅನ್ನದಿಂದ ಬರುತ್ತದೆ. ಕೂನೆಯ ಕಣ್ಣಿಗೆ ಕಂಡದ್ದು ಹೊಟ್ಟೆಯೊಳಗಿನ ಕಸ ಮಾತ್ರ. ವಿಚಿತ್ರವೆಂದರೆ ಹೊರಗಿನ ಕಸದ ಬಗ್ಗೆ ಗಾಂಧಿಗಿಂತ ಹೆಚ್ಚು ಬಲ್ಲವರು ಆಗ ಕಡಿಮೆ. 1896ರಲ್ಲಿ ಪ್ಲೇಗಿನ ಭಯ ಹಬ್ಬಿದಾಗ ರಾಜಕೋಟೆಯಲ್ಲಿ ಮನೆಮನೆಯ ಪಾಯಿಖಾನೆ ತಪಾಸಣೆ ಮಾಡಿದ್ದ ಮನುಷ್ಯ ಅವರು. ಮಗನ ಕಾಯಿಲೆಯಾದ ಮೇಲೆ ಗಿರಗಾಂವಿನ ಮನೆ ತೇವ, ಬೆಳಕಿಲ್ಲದ್ದು ಎಂದು ಬಿಟ್ಟು ಸಾಂತಾಕ್ರೂಜಿನಲ್ಲಿ ಗಾಳಿ ಬೆಳಕಿನ ಬಂಗಲೆ ಹಿಡಿದರು. ತಡೆಗಟ್ಟುವ ಮಾತು ಇಲ್ಲಿ ಮನೆ ಬದಲಾವಣೆಯಾಗಿ ಬಂತು. ಆದರೆ ಕುಡಿವ ನೀರು ಎಲ್ಲಿಂದ ಬರುತ್ತಿತ್ತು ಎಂಬ ಪ್ರಶ್ನೆ ಅವರ ಬರಹದಲ್ಲಿ ಏಳುವುದೇ ಇಲ್ಲ.

ಇನ್ನು ಮೊಟ್ಟೆಯ ವಿಷಯ. ಇದನ್ನು ಬೇರೆಯಾಗಿಯೇ ಇಡಬೇಕು, ಏಕೆಂದರೆ ಇವತ್ತಿಗೂ ಬಹಳ ಜನ ಧರ್ಮ, ಆರೋಗ್ಯಶಾಸ್ತ್ರ ಎರಡನ್ನೂ ಕಲಸಿಬಿಡುತ್ತಾರೆ. ಗಾಂಧಿ ಮೊಟ್ಟೆ ನಿರಾಕರಿಸಿದ್ದು ಅದು ಜೀರ್ಣವಾಗದು ಎಂದಲ್ಲ, ಪ್ರಾಣ ಉಳಿಸಿಕೊಳ್ಳುವುದಕ್ಕೂ ಒಂದು ಮಿತಿ ಇರಬೇಕು ಎಂಬ ಧರ್ಮದ ನಂಬಿಕೆಯಿಂದ. ಅವರು ಅದನ್ನು ಡಾಕ್ಟರಿಗೆ ಧರ್ಮ ಎಂದೇ ಹೇಳಿದರು, ಆರೋಗ್ಯಶಾಸ್ತ್ರದ ವೇಷ ತೊಡಿಸಲಿಲ್ಲ. ಇಂದಿನ ಆಹಾರ ಉಪದೇಶಕರಲ್ಲಿ ಈ ಪ್ರಾಮಾಣಿಕತೆ ಅಪರೂಪ. ಕೊಡುವವನ ನಂಬಿಕೆಯನ್ನು ದೇಹದ ನಿಯಮ ಎಂದು ಹೆಸರಿಟ್ಟು ರೋಗಿಯ ತಟ್ಟೆಗೆ ಬಡಿಸುವುದೇ ಹೆಚ್ಚು.

ಮುಂದೆ

ಮಣಿಲಾಲನ ಜ್ವರ ಗಾಂಧಿಗೆ ಧೈರ್ಯ ಕೊಟ್ಟಿತು, ಸ್ವಲ್ಪ ಹೆಚ್ಚೇ ಕೊಟ್ಟಿತು. ಮುಂದೆ ದಕ್ಷಿಣ ಆಫ್ರಿಕಾಕ್ಕೆ ಹಡಗಿನಲ್ಲಿ ಬರುವಾಗ ಮೂರನೆಯ ಮಗ ರಾಮದಾಸನ ತೋಳು ಮುರಿಯಿತು. ಮನೆಗೆ ಹೋದ ಮೇಲೆ ಒಳ್ಳೆಯ ಡಾಕ್ಟರಿಂದ ಪಟ್ಟಿ ಕಟ್ಟಿಸಿ ಎಂದಿದ್ದರು ಹಡಗಿನ ಡಾಕ್ಟರು. ಗಾಂಧಿ ನಡುಗುವ ಕೈಯಲ್ಲಿ ತಾವೇ ಪಟ್ಟಿ ಬಿಚ್ಚಿ, ಗಾಯ ತೊಳೆದು ಮಣ್ಣು ಮೆತ್ತಿ ಕಟ್ಟಿದರು. ತಿಂಗಳೊಪ್ಪತ್ತಿನಲ್ಲಿ ಮಾಯಿತು. ಈ ಸಲ ಪಕ್ಕದಲ್ಲಿ ನೋಡಿಕೊಳ್ಳಲು ಡಾಕ್ಟರು ಇರಲಿಲ್ಲ. ಎರಡು ಪ್ರಕರಣಗಳಲ್ಲಿ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ಈ ಎರಡನೆಯದೇ.

ಆದರೆ 1924ರ ಜನವರಿ 12ರ ರಾತ್ರಿ ಅದೇ ಮನುಷ್ಯ ಯರವಡಾ ಸೆರೆಯಿಂದ ಪುಣೆಯ ಸಸೂನ್ ಆಸ್ಪತ್ರೆಗೆ ಬಂದು, ಅಪೆಂಡಿಸೈಟಿಸ್ ಎಂದಾಗ ಕರ್ನಲ್ ಮ್ಯಾಡಕ್ ಅವರ ಕತ್ತರಿಗೆ ಮೈ ಒಡ್ಡಿದರು. ಶಸ್ತ್ರಕ್ರಿಯೆಯ ನಡುವೆ ದೀಪ ಆರಿತು, ಲಾಟೀನಿನ ಬೆಳಕಿನಲ್ಲಿ ಮುಗಿಸಬೇಕಾಯಿತು. ಇಷ್ಟಾದರೂ ಪ್ರಕೃತಿ ಚಿಕಿತ್ಸೆಯನ್ನು ಅವರು ಬಿಡಲಿಲ್ಲ. 1942ರಲ್ಲಿ ಆಗಾ ಖಾನ್ ಅರಮನೆಯ ಸೆರೆಯಲ್ಲಿ ಕೂತು ಮಣ್ಣು, ನೀರು, ಆಕಾಶ, ಬೆಳಕು, ಗಾಳಿ ಎಂಬ ಪಂಚಭೂತಗಳನ್ನೇ ಇಟ್ಟುಕೊಂಡು ಆರೋಗ್ಯದ ಮೇಲೆ ಬರೆದರು. 1946ರಲ್ಲಿ ಪುಣೆ ಹತ್ತಿರದ ಉರುಳಿಕಾಂಚನದಲ್ಲಿ ಹಳ್ಳಿಯ ಬಡವರಿಗಾಗಿ ಚಿಕಿತ್ಸಾ ಕೇಂದ್ರ ಶುರು ಮಾಡಿದರು. ಅಷ್ಟು ಹೊತ್ತಿಗೆ ರಾಮನಾಮವೇ ಅವರ ಪ್ರಕೃತಿ ಚಿಕಿತ್ಸೆಯ ಮೊದಲ ಮದ್ದಾಗಿತ್ತು. ಅದರ ಬೇರು ಚೌಪಾಟಿಯ ಆ ರಾತ್ರಿಯಲ್ಲೂ ಇದೆ.

ಮಣಿಲಾಲ್ ಮುಂದೆ ದಕ್ಷಿಣ ಆಫ್ರಿಕಾದ ಫೀನಿಕ್ಸ್‌ನಲ್ಲಿ ನೆಲೆಸಿ, ‘ಇಂಡಿಯನ್ ಒಪಿನಿಯನ್’ ಪತ್ರಿಕೆಯನ್ನು ದಶಕಗಳ ಕಾಲ ನಡೆಸಿ 1956ರಲ್ಲಿ ತೀರಿಕೊಂಡರು. ತನ್ನ ಮಕ್ಕಳಲ್ಲೆಲ್ಲ ಇವನೇ ಗಟ್ಟಿಮುಟ್ಟು ಎಂದು ಅಪ್ಪ ಬರೆದಿದ್ದರು. ಆ ಪಾರ್ಸಿ ಡಾಕ್ಟರ ಹೆಸರನ್ನು ಮಾತ್ರ ಅವರು ಬರೆಯಲಿಲ್ಲ.